ಗೇಮ್ ಕನ್ಸೋಲಿಗೆ ಹೆಡ್‌ಸೆಟ್, ಮೈಕ್ ಸಿಕ್ಕಿಸುದು ಹೇಗೆ: ಪಿನ್ನಿಂದ ಹಿಡಿದು ಪಾರ್ಟಿ ಚಾಟ್ ವರೆಗೆ

ಜೂನ್ ತಿಂಗಳಲ್ಲಿ ಒಂದು ರಾತ್ರಿ ಅಳಿಯ ಫೋನ್ ಮಾಡಿದ, "ಮಾವ, ಹೊಸ ಹೆಡ್‌ಸೆಟ್ಟಿನ ಮೈಕ್ ಹಾಳು, ಅಪ್ಪನಿಗೆ ನನ್ನ ಸ್ವರ ಕೇಳುದೇ ಇಲ್ಲ" ಅಂತ. ಅವನ ಅಪ್ಪ, ಅಂದ್ರೆ ನನ್ನ ಭಾವ, ಬಹ್ರೈನಲ್ಲಿ ಇರುದು, ಕಳೆದ ಸಲ ಊರಿಗೆ ಬರುವಾಗ ಹುಡುಗನಿಗೆ ಪಿಎಸ್5 (ಪ್ಲೇಸ್ಟೇಷನ್ 5, ಟಿವಿಗೆ ಹಾಕಿ ಆಡುವ ಗೇಮ್ ಕನ್ಸೋಲ್) ತಂದಿದ್ರು, ಅಲ್ಲಿ ರೂಮಲ್ಲಿ ಅವರದ್ದೂ ಒಂದು ಉಂಟು, ನಮ್ಮಲ್ಲಿ ರಾತ್ರಿ ಹತ್ತು ಆಗುವಾಗ ಅಲ್ಲಿ ಏಳೂವರೆ, ಡ್ಯೂಟಿ ಮುಗ್ಸಿ ಬಂದು ಅವರು ಕೂರ್ತಾರೆ, ಇಲ್ಲಿ ಊಟ ಮುಗ್ಸಿ ಇವ ಕೂರ್ತಾನೆ, ಇಬ್ರೂ ಫುಟ್ಬಾಲ್ ಆಡುದು. ಆಟ ಒಂದು ನೆಪ, ಮಾತಾಡುದೇ ಮುಖ್ಯ. ಫೋನಲ್ಲಿ ಅಪ್ಪನ ಹತ್ರ "ಹ್ಞೂ, ಉಂಡೆ, ಓದಿದೆ" ಅಂತ ಮೂರು ಮಾತಾಡಿ ಇಡುವ ಹುಡುಗ ಆಟ ಆಡುವಾಗ ಒಂದು ಗಂಟೆ ಶಾಲೆಯ ಸಂಗತಿ ಪೂರಾ ಹೇಳ್ತಾನೆ. ಹಾಗಾಗಿ ಈ ಮೈಕ್ ಸಮ ಆಗ್ಲೇಬೇಕು ಅಂತ ಮರುದಿನವೇ ಹೋದೆ.

ನನ್ನದು ಸೌಂಡ್ಸಿನ ಕೆಲಸ. ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಆಚೆ ಅಡೂರು ವರೆಗೂ ತಾಳಮದ್ದಳೆಗೆ, ಮದುವೆಗೆ, ಕೋಲಕ್ಕೆ ಮೈಕ್ ಸೆಟ್ ಕೊಂಡು ಹೋಗುದು. ನಮ್ಮ ಕೆಲಸದಲ್ಲಿ ಒಂದು ಅಭ್ಯಾಸ ಉಂಟು, ಸ್ವರ ಬರದಿದ್ರೆ ಮೈಕ್ ಹಾಳು ಅಂತ ಮೊದಲೇ ಹೇಳುದಿಲ್ಲ, ಸ್ವರ ಹೋಗುವ ದಾರಿಯನ್ನು ಒಂದು ತುದಿಯಿಂದ ಹಿಡಿದು ನೋಡ್ತಾ ಹೋಗುದು. ಬಾಯಿ, ಮೈಕ್, ವಯರ್, ಪಿನ್, ಕಂಟ್ರೋಲರ್, ಕನ್ಸೋಲ್, ಅದ್ರ ಸೆಟ್ಟಿಂಗ್, ಪಾರ್ಟಿ (ಆಡುವವರು ಒಟ್ಟಿಗೆ ಮಾತಾಡ್ಲಿಕ್ಕೆ ಕನ್ಸೋಲಲ್ಲಿ ಮಾಡುವ ಗುಂಪು), ಇಂಟರ್ನೆಟ್, ಕೊನೆಗೆ ಆಚೆಯವರ ಕಿವಿ. ಇಷ್ಟು ಜಾಗದಲ್ಲಿ ಎಲ್ಲಿ ಬೇಕಾದ್ರೂ ಕಡಿದಿರ್ಬಹುದು. ಆ ಮೇಲೆ ನಾನು ಆಚೀಚೆ ಮನೆಯ ಹುಡುಗರದ್ದೂ ನಾಲ್ಕೈದು ಸಮ ಮಾಡಿ ಕೊಟ್ಟೆ, ಒಂದರಲ್ಲಿಯೂ ಮೈಕ್ ನಿಜವಾಗಿ ಹಾಳಾಗಿರ್ಲಿಲ್ಲ. ಹೊಸ ಹೆಡ್‌ಸೆಟ್ಟಿಗೆ ದುಡ್ಡು ಹಾಕುವ ಮೊದಲು ಇದನ್ನು ಒಮ್ಮೆ ಪೂರಾ ಓದಿ.

ಮೊದಲು ಪಿನ್ ನೋಡಿ. ಹೆಡ್‌ಸೆಟ್ಟಿನ 3.5 ಎಂಎಂ ಪಿನ್ ಕೈಯಲ್ಲಿ ಹಿಡಿದು ಬೆಳಕಿಗೆ ತನ್ನಿ, ಲೋಹದ ಮೇಲೆ ಕಪ್ಪು ಬಳೆ ಇರ್ತದೆ, ಕೆಲವದರಲ್ಲಿ ಬಿಳಿ. ಎರಡು ಬಳೆ ಇದ್ರೆ ಲೋಹ ಮೂರು ತುಂಡು ಆಗ್ತದೆ: ಎಡ ಕಿವಿ, ಬಲ ಕಿವಿ, ಗ್ರೌಂಡ್ (ಎಲ್ಲದಕ್ಕೂ ಸೇರಿ ಇರುವ ವಾಪಸ್ ದಾರಿ). ಅಲ್ಲಿ ಮೈಕಿಗೆ ಜಾಗವೇ ಇಲ್ಲ, ಅದಕ್ಕೆ ಟಿಆರ್‌ಎಸ್ ಅಂತ ಹೆಸರು. ಮೂರು ಬಳೆ ಇದ್ರೆ ಲೋಹ ನಾಲ್ಕು ತುಂಡು, ನಾಲ್ಕನೆಯದ್ದು ಮೈಕಿಂದು, ಇದು ಟಿಆರ್‌ಆರ್‌ಎಸ್. ಪಿಎಸ್4, ಪಿಎಸ್5, ಎಕ್ಸ್‌ಬಾಕ್ಸ್ ಕಂಟ್ರೋಲರುಗಳಿಗೆ ಮೈಕ್ ಸಮೇತ ಬೇಕಾದ್ರೆ ಈ ನಾಲ್ಕು ತುಂಡಿನ ಪಿನ್ನೇ ಬೇಕು. ಎರಡು ಬಳೆಯದ್ದು ಸಿಕ್ಕಿಸಿದ್ರೆ ಶಬ್ದ ಚೆಂದಕ್ಕೆ ಬರ್ತದೆ, ಮೈಕ್ ಮಾತ್ರ ಇಲ್ಲ, ಹುಡುಗರು ಮೈಕ್ ಹಾಳು ಅಂತ ತಿಳ್ಕೊಳ್ಳುದು ಇಲ್ಲಿಯೇ.

ಕಂಪ್ಯೂಟರಿಗೆ ಅಂತ ಮಾಡಿದ ಹೆಡ್‌ಸೆಟ್ ಆದ್ರೆ ವಯರಿನ ತುದಿಯಲ್ಲಿ ಎರಡು ಪಿನ್ ಇರ್ತದೆ, ಹಸಿರು ಕಿವಿಗೆ, ಗುಲಾಬಿ ಮೈಕಿಗೆ. ಕಂಟ್ರೋಲರಲ್ಲಿ ತೂತು ಒಂದೇ, ಹಾಗಾಗಿ ಎರಡನ್ನೂ ಸೇರ್ಸಿ ಒಂದು ಮಾಡುವ ವೈ ಆಕಾರದ ಸಣ್ಣ ಕೇಬಲ್ ಬೇಕು. ಇದರಲ್ಲಿ ತುಂಬಾ ಜನ ಮೋಸ ಹೋಗ್ತಾರೆ, ಯಾಕಂದ್ರೆ ನೋಡ್ಲಿಕ್ಕೆ ಒಂದೇ ನಮೂನೆ ಇರುವ ಎರಡು ಜಾತಿ ಕೇಬಲ್ ಸಿಗ್ತದೆ. ಒಂದು, ಒಂದೇ ಫೋನಿಗೆ ಇಬ್ಬರು ಇಯರ್‌ಫೋನ್ ಹಾಕಿ ಹಾಡು ಕೇಳ್ಲಿಕ್ಕೆ ಇರುವಂತದ್ದು, ಅದರಲ್ಲಿ ಮೈಕಿನ ವಯರೇ ಇಲ್ಲ. ಇನ್ನೊಂದು, ಒಂದು ತೂತು ಮೈಕಿಗೆ, ಒಂದು ತೂತು ಹೆಡ್‌ಫೋನಿಗೆ ಅಂತ ಇರುವಂತದ್ದು, ನಮಗೆ ಬೇಕಾದ್ದು ಇದು. ಗುರ್ತ ಹೇಗೆ ಅಂದ್ರೆ ಎರಡು ತೂತಿನ ಹತ್ರ ಸಣ್ಣದಾಗಿ ಮೈಕಿನ ಚಿತ್ರ, ಹೆಡ್‌ಫೋನಿನ ಚಿತ್ರ ಇರ್ಬೇಕು, ಮತ್ತೆ ಆಚೆ ತುದಿಯ ಪಿನ್ನಲ್ಲಿ ಮೂರು ಬಳೆ ಇರ್ಲೇಬೇಕು. ಈ ಎರಡು ನೋಡದೆ ತಗೊಳ್ಬೇಡಿ. ಅಂಗಡಿಯವರು "ಇದೇ ಆಗ್ತದೆ" ಅಂದ್ರೂ ಪ್ಯಾಕೆಟ್ ಬಿಡಿಸಿ ಬಳೆ ಲೆಕ್ಕ ಮಾಡಿ.

ಅಳಿಯನಿಗೆ ಆದದ್ದು ಇದೇ. ಅಂಗಡಿಯಲ್ಲಿ ಕೊಟ್ಟದ್ದು ಹಾಡು ಕೇಳುವ ಜಾತಿದು. ಆದ್ರೆ ಅದು ಗೊತ್ತಾಗ್ಲಿಕ್ಕೆ ಸ್ವಲ್ಪ ಹೊತ್ತು ಹೋಯ್ತು, ಯಾಕೆ ಅಂತ ಹೇಳ್ತೇನೆ, ಇದು ಪಿಎಸ್5 ಇರುವವರೆಲ್ಲ ತಿಳ್ಕೊಳ್ಬೇಕಾದ ವಿಷಯ. ನಾನು ಹೋಗುವಾಗ ಕಂಟ್ರೋಲರಿನ ನಡುವಲ್ಲಿ, ಪಿಎಸ್ ಬಟನಿನ ಕೆಳಗೆ ಒಂದು ಸಣ್ಣ ಅಡ್ಡ ಬಟನ್ ಕಿತ್ತಳೆ ಬಣ್ಣದಲ್ಲಿ ಹೊಳೀತಾ ಇತ್ತು. ಅದು ಮ್ಯೂಟ್ ಬಟನ್. ಹೊಳೀತಾ ಇದ್ರೆ ಮೈಕ್ ಬಂದ್, ಬೆಳಕು ಇಲ್ಲದಿದ್ರೆ ಮೈಕ್ ಓಪನ್. ಹೆಡ್‌ಸೆಟ್ ಹಾಕಿದ ಮೇಲೆಯೂ ಆ ಬಟನ್ ಕೆಲಸ ಮಾಡ್ತದೆ, ಅದು ಕಂಟ್ರೋಲರಿಗೆ ಮಾತ್ರ ಅಂತ ಅಳಿಯ ಅಂದಾಜು ಮಾಡಿದ್ದ. ಒಮ್ಮೆ ಒತ್ತಿದೆ, ಬೆಳಕು ಹೋಯ್ತು, ಅಪ್ಪನಿಗೆ ಸ್ವರ ಕೇಳ್ಲಿಕ್ಕೆ ಸುರು ಆಯ್ತು, ಹುಡುಗ ಕುಣಿದ. ಆದ್ರೆ ಭಾವ ಹೇಳಿದ್ರು, ಕೇಳ್ತದೆ, ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳ್ತದೆ, ಫ್ಯಾನ್ ಶಬ್ದವೇ ಜಾಸ್ತಿ ಅಂತ. ಬಾಯಿಯ ಬುಡದಲ್ಲೇ ಮೈಕ್ ಇರುವಾಗ ಹಾಗೆ ಕೇಳ್ಲಿಕ್ಕೆ ಇಲ್ಲ.

ಆಗ ನಾನು ನಮ್ಮ ಹಳೆ ಪರೀಕ್ಷೆ ಮಾಡಿದೆ. ಹೆಡ್‌ಸೆಟ್ಟಿನ ಮೈಕಿನ ತುದಿಗೆ ಉಗುರಲ್ಲಿ ಮೆಲ್ಲ ತಟ್ಟಿದೆ, "ಎಂತಾದ್ರೂ ಕೇಳ್ತದಾ" ಅಂದ್ರೆ ಭಾವ ಇಲ್ಲ ಅಂದ್ರು. ಕಂಟ್ರೋಲರಿನ ಮೇಲೆ ತಟ್ಟಿದೆ, "ಟಕ್ ಟಕ್ ಕೇಳ್ತದೆ" ಅಂದ್ರು. ವಿಷಯ ಸ್ಪಷ್ಟ ಆಯ್ತು. ಪಿಎಸ್5 ಕಂಟ್ರೋಲರಿನ ಒಳಗೇ ಮೈಕ್ ಉಂಟು, ಸಿಕ್ಕಿಸಿದ ಪಿನ್ನಲ್ಲಿ ಮೈಕ್ ಇಲ್ಲ ಅಂತ ಅದಕ್ಕೆ ಗೊತ್ತಾದ್ರೆ ಒಳಗಿನ ಮೈಕಲ್ಲೇ ಸ್ವರ ಹಿಡೀತದೆ, ನಾವು ಮಾತ್ರ ಹೆಡ್‌ಸೆಟ್ ಮೈಕಲ್ಲಿ ಮಾತಾಡ್ತಾ ಇದ್ದೇವೆ ಅಂತ ತಿಳ್ಕೊಂಡು ಕೂರುದು. ಮೂರು ಬಳೆಯ ಕೇಬಲ್ ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಹತ್ರ ಹುಡುಕಿ ತಂದು ಹಾಕಿದ ಮೇಲೆ ತಟ್ಟಿದ್ರೆ ಲೆಕ್ಕ ಉಲ್ಟಾ ಆಯ್ತು. ನೀವೂ ಈ ಉಗುರಿನ ಪರೀಕ್ಷೆ ಮಾಡಿ, ಖರ್ಚಿಲ್ಲ, ಅರ್ಧ ನಿಮಿಷ ಸಾಕು.

ಪಿನ್ ವಿಷಯದಲ್ಲಿ ಇನ್ನೂ ಎರಡು ಮಾತು ಉಂಟು. ಒಂದು, ಪೂರಾ ಒಳಗೆ ಹೋಗ್ಬೇಕು, ಕೊನೆಗೆ "ಟಕ್" ಅಂತ ಕೈಗೆ ಗೊತ್ತಾಗ್ಬೇಕು. ಕಂಟ್ರೋಲರಿಗೆ ದಪ್ಪ ಸಿಲಿಕಾನ್ ಕವರ್ ಹಾಕಿದವರಿಗೆ ಇದು ದೊಡ್ಡ ತೊಂದರೆ, ಕವರಿನ ಅಂಚು ಪಿನ್ನಿನ ಕುತ್ತಿಗೆಯನ್ನು ತಡೀತದೆ, ಒಂದು ಮಿಲಿಮೀಟರ್ ಹೊರಗೆ ಉಳಿದ್ರೂ ಸಂಪರ್ಕ ಒಂದು ತುಂಡು ಆಚೀಚೆ ಆಗ್ತದೆ. ಕವರ್ ತೆಗ್ದು ಒಮ್ಮೆ ನೋಡಿ. ಎರಡು, ನಾಲ್ಕು ತುಂಡಿನ ಪಿನ್ನಲ್ಲಿಯೇ ಎರಡು ಪದ್ಧತಿ ಉಂಟು. ಈಗಿನದ್ದು ಸಿಟಿಐಎ, ಅದರಲ್ಲಿ ಮೂರನೆ ತುಂಡು ಗ್ರೌಂಡ್, ಬುಡದ ತುಂಡು ಮೈಕ್. ಹಳೆ ಕಾಲದ ಕೆಲವು ಫೋನುಗಳೊಟ್ಟಿಗೆ ಬಂದ ಇಯರ್‌ಫೋನಲ್ಲಿ ಒಎಂಟಿಪಿ, ಅಲ್ಲಿ ಮೈಕ್ ಮತ್ತೆ ಗ್ರೌಂಡ್ ಅದಲು ಬದಲು. ಕಂಟ್ರೋಲರುಗಳೆಲ್ಲ ಸಿಟಿಐಎ. ಹಳೆದನ್ನು ಸಿಕ್ಕಿಸಿದ್ರೆ ಒಂದು ವಿಚಿತ್ರ ಲಕ್ಷಣ ಕಾಣ್ತದೆ: ಹಾಡು ಹಾಕಿದ್ರೆ ಹಾಡುವವರ ಸ್ವರ ಮಾಯ, ಸುತ್ತಲಿನ ವಾದ್ಯ ಮಾತ್ರ ಟೊಳ್ಳಾಗಿ ಕೇಳ್ತದೆ, ವಯರಲ್ಲಿರುವ ಬಟನ್ ಒತ್ತಿ ಹಿಡಿದ್ರೆ ಸಮ ಆಗ್ತದೆ, ಬಿಟ್ರೆ ಪುನಃ ಹಾಗೇ. ಯಾಕಂದ್ರೆ ಗ್ರೌಂಡ್ ಸಿಗದೆ ಎರಡು ಕಿವಿಯ ಸ್ಪೀಕರ್ ಒಂದಕ್ಕೊಂದು ಸಾಲಲ್ಲಿ ಸೇರಿ ಹೋಗ್ತದೆ, ಎಡ ಬಲ ಎರಡರಲ್ಲೂ ಸಮಸಮ ಇರುವ ಸ್ವರ ಒಂದನ್ನೊಂದು ಕಳೆದು ಹೋಗ್ತದೆ. ಬಟನ್ ಒತ್ತಿದಾಗ ಮೈಕಿನ ವಯರ್ ಗ್ರೌಂಡಿಗೆ ಶಾರ್ಟ್ ಆಗಿ ದಾರಿ ಸಿಗ್ತದೆ. ಈ ಲಕ್ಷಣ ಕಂಡ್ರೆ ಮೊದಲು ಪಿನ್ ಪೂರಾ ಒಳಗೆ ಹೋಗಿದಾ ನೋಡಿ (ಅರ್ಧ ಹೋದ್ರೂ ಇದೇ ಲಕ್ಷಣ ಬರ್ತದೆ), ಹೋಗಿದ್ರೆ ಆ ಇಯರ್‌ಫೋನ್ ಇದಕ್ಕೆ ಆಗುದಿಲ್ಲ.

ಇನ್ನು ಬಿಚ್ಚಿ ಹಾಕುವ ಮೈಕ್ ಇರುವ ಹೆಡ್‌ಸೆಟ್ ಆದ್ರೆ ಮೈಕನ್ನು ಗಟ್ಟಿ ಒತ್ತಿ, ವಯರಲ್ಲಿ ಸಣ್ಣ ಮ್ಯೂಟ್ ಸ್ವಿಚ್ಚು ಮತ್ತೆ ವಾಲ್ಯೂಮಿನ ಚಕ್ರ ಇರ್ತದೆ, ಅದನ್ನೂ ನೋಡಿ. ಕಿಸೆಯಲ್ಲಿ, ಬ್ಯಾಗಲ್ಲಿ ಉಜ್ಜಿ ಅದು ತನ್ನಷ್ಟಕ್ಕೇ ಬಂದ್ ಆಗಿರ್ತದೆ.

ಈಗ ಸೆಟ್ಟಿಂಗ್. ಕನ್ಸೋಲಲ್ಲಿ ಕನ್ನಡ ಮೆನು ಇಲ್ಲ, ಹಾಗಾಗಿ ಸ್ಕ್ರೀನಲ್ಲಿ ಕಾಣುವ ಹೆಸರನ್ನೇ ಬರೀತೇನೆ. ಪಿಎಸ್5ರಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ಸೌಂಡ್, ಅದರಲ್ಲಿ ಮೈಕ್ರೊಫೋನ್. ಅಲ್ಲಿ ಇನ್‌ಪುಟ್ ಡಿವೈಸ್ ಅಂತ ಇರುದರಲ್ಲಿ ಹೆಡ್‌ಸೆಟ್ ಬಂದಿದಾ ನೋಡಿ, ಆಮೇಲೆ ಅಡ್ಜಸ್ಟ್ ಮೈಕ್ರೊಫೋನ್ ಲೆವೆಲ್ ತೆಗೀರಿ. ನೀವು ಮಾತಾಡುವಾಗ ಅಲ್ಲಿ ಪಟ್ಟಿ ಕುಣೀಬೇಕು. ಪಟ್ಟಿ ಕುಣಿದ್ರೆ ಬಾಯಿಂದ ಕನ್ಸೋಲ್ ವರೆಗಿನ ದಾರಿ ಪೂರಾ ಸರಿ ಉಂಟು ಅಂತ ಅರ್ಥ, ಇನ್ನು ಪಿನ್ನು ವಯರು ಅಂತ ತಲೆ ಕೆಡಿಸ್ಬೇಡಿ, ಮುಂದಿನದ್ದು ನೋಡಿ. ಕುಣಿಯದಿದ್ರೆ ತೊಂದರೆ ಇನ್ನೂ ಈಚೆಗೇ ಉಂಟು. ಅದೇ ಸೌಂಡ್ ಒಳಗೆ ಆಡಿಯೋ ಔಟ್‌ಪುಟ್ ಅಂತ ಇರ್ತದೆ, ಅಲ್ಲಿ ಔಟ್‌ಪುಟ್ ಟು ಹೆಡ್‌ಫೋನ್ಸ್ ಅಂತ ಇರುವಲ್ಲಿ ಆಲ್ ಆಡಿಯೋ ಇಡಿ. ಚಾಟ್ ಆಡಿಯೋ ಅಂತ ಇದ್ರೆ ಹೆಡ್‌ಸೆಟ್ಟಲ್ಲಿ ಗೆಳೆಯರ ಮಾತು ಮಾತ್ರ, ಆಟದ ಶಬ್ದ ಟಿವಿಯಲ್ಲೇ ಬರ್ತದೆ. "ಹೆಡ್‌ಸೆಟ್ ಹಾಕಿದ್ರೂ ಟಿವಿ ಬೊಬ್ಬೆ ಹೊಡೀತದೆ" ಅನ್ನುವ ಅಮ್ಮಂದಿರ ದೂರಿಗೆ ಮದ್ದು ಇಲ್ಲಿ ಉಂಟು. ಆಟದ ನಡುವೆ ಆದ್ರೆ ಪಿಎಸ್ ಬಟನ್ ಒಮ್ಮೆ ಒತ್ತಿ, ಕೆಳಗೆ ಬರುವ ಸಾಲಲ್ಲಿ ಸೌಂಡ್ ಮತ್ತೆ ಮೈಕ್ ಎರಡರ ಚಿತ್ರವೂ ಇರ್ತದೆ, ಆಟದ ಶಬ್ದ ಎಷ್ಟು, ಮಾತು ಎಷ್ಟು ಅಂತ ಅಲ್ಲಿಯೇ ಹೆಚ್ಚು ಕಡಿಮೆ ಮಾಡ್ಬಹುದು.

ಮ್ಯೂಟ್ ಬಟನನ್ನು ಒತ್ತಿ ಹಿಡಿದ್ರೆ ಬೇರೆಯೇ ಕತೆ, ಮೈಕಿನೊಟ್ಟಿಗೆ ಟಿವಿ ಶಬ್ದವೂ ಪೂರಾ ಬಂದ್ ಆಗ್ತದೆ, ಬಟನ್ ಮಿಣುಕ್ತದೆ. ಟಿವಿ ಹಾಳಾಯ್ತು ಅಂತ ಗಾಬರಿ ಬೀಳ್ಬೇಡಿ, ಇನ್ನೊಮ್ಮೆ ಒತ್ತಿದ್ರೆ ಆಯ್ತು.

ಪಿಎಸ್4 ಇರುವವರಿಗೆ ದಾರಿ ಬೇರೆ: ಸೆಟ್ಟಿಂಗ್ಸ್, ಡಿವೈಸಸ್, ಆಡಿಯೋ ಡಿವೈಸಸ್. ಇನ್‌ಪುಟ್ ಮತ್ತೆ ಔಟ್‌ಪುಟ್ ಎರಡೂ ಕಡೆ ಹೆಡ್‌ಸೆಟ್ ಕನೆಕ್ಟೆಡ್ ಟು ಕಂಟ್ರೋಲರ್ ಅಂತ ಇರ್ಬೇಕು, ಔಟ್‌ಪುಟ್ ಟು ಹೆಡ್‌ಫೋನ್ಸಲ್ಲಿ ಆಲ್ ಆಡಿಯೋ. ಆ ಕಂಟ್ರೋಲರಿನ ಒಳಗೆ ಮೈಕ್ ಇಲ್ಲ, ಹಾಗಾಗಿ ಅಳಿಯನಿಗೆ ಆದ ಗೊಂದಲ ಅಲ್ಲಿ ಆಗುದಿಲ್ಲ, ಬಂದ್ರೆ ಹೆಡ್‌ಸೆಟ್ ಮೈಕೇ ಬರುದು.

ಎಕ್ಸ್‌ಬಾಕ್ಸಲ್ಲಿ 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಒಟ್ಟಿಗೆ ಬಂದ ಮೊದಲಿನ ಕಂಟ್ರೋಲರಿಗೆ 3.5 ಎಂಎಂ ತೂತೇ ಇರ್ಲಿಲ್ಲ, ಅದಕ್ಕೆ ಕೆಳಗೆ ಸಿಕ್ಕಿಸುವ ಸ್ಟೀರಿಯೋ ಹೆಡ್‌ಸೆಟ್ ಅಡಾಪ್ಟರ್ ಅಂತ ಬೇರೆ ಬೇಕು. 2015ರ ನಂತರದ್ದರಲ್ಲಿ ತೂತು ಬಂತು, ಈಗಿನ ಸೀರೀಸ್ ಎಸ್, ಸೀರೀಸ್ ಎಕ್ಸ್ ಕಂಟ್ರೋಲರುಗಳಲ್ಲಿ ಇದ್ದೇ ಉಂಟು. ಹಳೆ ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಕಂಟ್ರೋಲರನ್ನು ತಿರುಗಿಸಿ ಕೆಳಗಿನ ಅಂಚು ನೋಡಿಯೇ ತಗೊಳ್ಳಿ. ಪಿನ್ ಸಿಕ್ಕಿಸಿ ನಡುವಿನ ಎಕ್ಸ್‌ಬಾಕ್ಸ್ ಬಟನ್ ಒತ್ತಿದ್ರೆ ಬರುವ ಗೈಡಲ್ಲಿ ಆಡಿಯೋ ಅಂತ ಸ್ಪೀಕರಿನ ಚಿತ್ರ ಇರ್ತದೆ, ಅಲ್ಲಿ ಹೆಡ್‌ಸೆಟ್ ವಾಲ್ಯೂಮ್, ಆಟಕ್ಕೂ ಮಾತಿಗೂ ಮಿಕ್ಸರ್, ಮತ್ತೆ ಮೈಕ್ ಮಾನಿಟರಿಂಗ್ ಸಿಗ್ತದೆ. ಮೈಕ್ ಮಾನಿಟರಿಂಗ್ ಅಂದ್ರೆ ನಮ್ಮ ಸ್ವರ ನಮ್ಮ ಕಿವಿಗೆ ಕೇಳುದು. ಅದನ್ನು ಚೂರು ಇಡಿ ಅಂತ ನಾನು ಒತ್ತಾಯವಾಗಿ ಹೇಳ್ತೇನೆ. ಎರಡೂ ಕಿವಿ ಮುಚ್ಚಿದವನಿಗೆ ತನ್ನ ಸ್ವರ ಗೊತ್ತಾಗುದಿಲ್ಲ, ಕಿರುಚ್ತಾನೆ, ಮನೆಯವರ ನಿದ್ದೆ ಹೋಗ್ತದೆ, ಗಂಟಲೂ ಹೋಗ್ತದೆ. ತಾಳಮದ್ದಳೆಯಲ್ಲಿ ಅರ್ಥದಾರಿಗಳ ಎದುರು ಸಣ್ಣ ಮಾನಿಟರ್ ಸ್ಪೀಕರ್ ಇಡುದು ಇದಕ್ಕೇ, ತನ್ನ ಸ್ವರ ತನಗೆ ಕೇಳಿದ್ರೆ ಮಾತಿನ ಹದ ತಾನೇ ಬರ್ತದೆ. ಇಷ್ಟೆಲ್ಲ ಮಾಡಿಯೂ ಎಕ್ಸ್‌ಬಾಕ್ಸಲ್ಲಿ ಶಬ್ದ ಬರದಿದ್ರೆ ಸೆಟ್ಟಿಂಗ್ಸಲ್ಲಿ ಡಿವೈಸಸ್ ಅಂಡ್ ಕನೆಕ್ಷನ್ಸ್, ಅದರಲ್ಲಿ ಆಕ್ಸೆಸರೀಸ್ ಹೋಗಿ ಕಂಟ್ರೋಲರಿಗೆ ಅಪ್ಡೇಟ್ ಉಂಟಾ ನೋಡಿ.

ಯುಎಸ್‌ಬಿ ಹೆಡ್‌ಸೆಟ್ ತಗೊಳ್ಳುವವರು ಇದನ್ನು ಮರೀಬೇಡಿ. ಪಿಎಸ್4, ಪಿಎಸ್5ರಲ್ಲಿ ಸಾದಾ ಯುಎಸ್‌ಬಿ ಹೆಡ್‌ಸೆಟ್ ಹೆಚ್ಚಿನದ್ದೂ ಸಿಕ್ಕಿಸಿದ ಕೂಡಲೇ ನಡೀತದೆ, ಎಷ್ಟೋ ಯುಎಸ್‌ಬಿ ಮೈಕ್ ಕೂಡಾ ನಡೀತದೆ. ಎಕ್ಸ್‌ಬಾಕ್ಸಲ್ಲಿ ಹಾಗಲ್ಲ, ಎಕ್ಸ್‌ಬಾಕ್ಸಿಗೆ ಅಂತಲೇ ಲೈಸೆನ್ಸ್ ಇರುವ ಹೆಡ್‌ಸೆಟ್ ಮಾತ್ರ, ಡಬ್ಬದ ಮೇಲೆ ಎಕ್ಸ್‌ಬಾಕ್ಸಿನ ಗುರ್ತು ಇಲ್ಲದಿದ್ರೆ ತಗೊಳ್ಬೇಡಿ. ಪಕ್ಕದ ಮನೆ ಹುಡುಗನ ಪಿಎಸ್ ಹೆಡ್‌ಸೆಟ್ಟನ್ನು ಸಾಲ ತಂದು ಎಕ್ಸ್‌ಬಾಕ್ಸಿಗೆ ಹಾಕಿ ಎರಡು ಗಂಟೆ ಪರದಾಡಿದವರನ್ನು ಕಂಡಿದ್ದೇನೆ. ಎರಡೂ ಕಡೆ ಆಗ್ಬೇಕಾದ್ರೆ ನಾಲ್ಕು ತುಂಡಿನ ಪಿನ್ ಇರುವ ವಯರಿನ ಹೆಡ್‌ಸೆಟ್ಟೇ ಒಳ್ಳೆದು, ಫೋನಿಗೂ ಆಗ್ತದೆ. ನನ್ನ ಅಭಿಪ್ರಾಯ ಕೇಳಿದ್ರೆ ಮೊದಲ ಹೆಡ್‌ಸೆಟ್ ಅದೇ ತಗೊಳ್ಳಿ, ಚಾರ್ಜಿನ ಚಿಂತೆಯೂ ಇಲ್ಲ. ವಯರ್‌ಲೆಸ್ ಡಾಂಗಲಿನದ್ದು (ಯುಎಸ್‌ಬಿ ತೂತಿಗೆ ಸಿಕ್ಕಿಸುವ ಸಣ್ಣ ತುಂಡಿನದ್ದು) ಆದ್ರೆ ಇನ್ನೊಂದು ನೋಡ್ಲಿಕ್ಕೆ ಉಂಟು, ಮೊದಲಿನ ಪಿಎಸ್5ರಲ್ಲಿ ಎದುರು ಒಂದು ಅಗಲದ ಯುಎಸ್‌ಬಿ ತೂತು ಇತ್ತು, 2023ರಲ್ಲಿ ಬಂದ ತೆಳು ಪಿಎಸ್5ರಲ್ಲಿ ಎದುರಿನ ಎರಡೂ ಟೈಪ್ ಸಿ, ಅಗಲದ್ದು ಹಿಂದೆ ಮಾತ್ರ. ಹಿಂದೆ ಹಾಕಿದ ಡಾಂಗಲ್ ಗೋಡೆಗೂ ಟಿವಿಗೂ ನಡುವೆ ಅಡಗಿ ಹೋಗ್ತದೆ, ಶಬ್ದ ಕಡಿದು ಕಡಿದು ಬಂದ್ರೆ ಒಂದು ಸಣ್ಣ ಯುಎಸ್‌ಬಿ ಎಕ್ಸ್‌ಟೆನ್ಶನ್ ಹಾಕಿ ಡಾಂಗಲನ್ನು ಎದುರಿಗೆ ತನ್ನಿ.

ಬ್ಲೂಟೂತ್ ಬಡ್ಸ್? ನೇರ ಆಗುದಿಲ್ಲ. ಪಿಎಸ್5, ಪಿಎಸ್4, ಎಕ್ಸ್‌ಬಾಕ್ಸ್ ಮೂರೂ ಸಾದಾ ಬ್ಲೂಟೂತ್ ಹೆಡ್‌ಫೋನನ್ನು ಸೇರಿಸ್ಕೊಳ್ಳುದಿಲ್ಲ. ನಿಂಟೆಂಡೋ ಸ್ವಿಚ್ಚಲ್ಲಿ 2021ರ ಸೆಪ್ಟೆಂಬರ್ ಅಪ್ಡೇಟಲ್ಲಿ ಬ್ಲೂಟೂತ್ ಶಬ್ದ ಬಂತು, ಆದ್ರೆ ಮೈಕ್ ಇಲ್ಲ. ಹಾಡು ಕೇಳುವ ಬ್ಲೂಟೂತ್ ದಾರಿ ಒಂದೇ ಕಡೆಗೆ ಹೋಗುದು, ಮೈಕ್ ಬೇಕಾದ್ರೆ ಫೋನ್ ಕಾಲಿನ ದಾರಿಗೆ ಬದಲಾಗ್ಬೇಕು, ಆಗ ಶಬ್ದ ಕಳಪೆ ಆಗ್ತದೆ, ಮೇಲಿಂದ ತಡವೂ ಆಗ್ತದೆ, ಗೋಲ್ ಹೋದ ಮೇಲೆ ಒದ್ದ ಶಬ್ದ ಕೇಳಿದ ಹಾಗೆ. ಬಡ್ಸನ್ನು ಟಿವಿಗೆ ಸೇರ್ಸಿದ್ರೆ ಶಬ್ದ ಬರ್ಬಹುದು, ಮೈಕ್ ಬರ್ಲಿಕ್ಕೆ ಇಲ್ಲ. ಟಿವಿಯ ಹಿಂದಿನ ಹೆಡ್‌ಫೋನ್ ತೂತಿಗೆ ಹೆಡ್‌ಸೆಟ್ ಹಾಕಿದ್ರೂ ಹಾಗೇ, ಅದು ಕಿವಿಗೆ ಮಾತ್ರ ಇರುವ ತೂತು, ಅಲ್ಲಿಂದ ಸ್ವರ ಕನ್ಸೋಲಿಗೆ ಹೋಗುವ ದಾರಿಯೇ ಇಲ್ಲ.

ಕೆಲವರಿಗೆ ಬೇರೆಯೇ ಮೈಕ್ ಹಾಕುವ ಆಸೆ ಇರ್ತದೆ, ಕಾಲರ್ ಮೈಕ್ ಇತ್ಯಾದಿ. ಫೋನಿಗೆ ಆಗುವ ಕಾಲರ್ ಮೈಕ್, ಅಂದ್ರೆ ಮೂರು ಬಳೆಯ ಪಿನ್ನಿಂದು, ಕಂಟ್ರೋಲರಿಗೂ ಆಗ್ತದೆ. ಆದ್ರೆ ತೂತು ಒಂದೇ ಇರುದರಿಂದ ಕಿವಿಗೆ ಹೆಡ್‌ಫೋನ್ ಹಾಕ್ಲಿಕ್ಕೆ ಜಾಗ ಇರುದಿಲ್ಲ, ಆ ವೈ ಕೇಬಲಿನ ಮೈಕ್ ತೂತಿಗೆ ಹಾಕುವ ಅಂದ್ರೆ ಅದಕ್ಕೆ ಎರಡು ಬಳೆಯ ಮೈಕ್ ಪಿನ್ ಬೇಕು, ಹೀಗೆ ಒಂದಕ್ಕೊಂದು ಗಂಟು ಬೀಳ್ತದೆ. ಸ್ಟೇಜಲ್ಲಿ ಹಿಡಿಯುವ ದೊಡ್ಡ ಮೈಕನ್ನು ಪಿನ್ ಬದಲಿಸಿ ಕಂಟ್ರೋಲರಿಗೆ ಹಾಕ್ಬಹುದಾ ಅಂತ ನನ್ನ ಹತ್ರ ಕೇಳಿದವರು ಉಂಟು. ಬೇಡ. ಹೆಡ್‌ಸೆಟ್ಟಿನ ಮೈಕ್ ಕಂಟ್ರೋಲರಿಂದ ಬರುವ ಸಣ್ಣ ವೋಲ್ಟೇಜಲ್ಲಿ ಕೆಲಸ ಮಾಡುವಂತದ್ದು, ಸ್ಟೇಜಿನ ಡೈನಾಮಿಕ್ ಮೈಕ್ ಬೇರೆ ಜಾತಿ, ಅದ್ರ ಸಿಗ್ನಲ್ ತುಂಬಾ ಸಣ್ಣದು, ಕಂಟ್ರೋಲರ್ ಅದನ್ನು ಮೈಕ್ ಅಂತಲೇ ಗುರ್ತ ಹಿಡಿಯದೆ ಇರ್ಬಹುದು.

ಮೈಕನ್ನು ಇಡುವ ಜಾಗದ ಬಗ್ಗೆ ಹೆಚ್ಚಿನವರು ಯೋಚ್ನೆ ಮಾಡುದೇ ಇಲ್ಲ, ನನಗೆ ಇದು ಎಲ್ಲಕ್ಕಿಂತ ದೊಡ್ಡ ವಿಷಯ. ಬಾಯಿಯ ನೇರ ಎದುರು ಬೇಡ, ಉಸಿರು ಬಡಿದು "ಪ" "ಭ" ಬರುವಾಗೆಲ್ಲ ಗುಡುಗಿದ ಹಾಗೆ ಆಗ್ತದೆ. ಬಾಯಿಯ ಮೂಲೆಯಿಂದ ಎರಡು ಬೆರಳು ದೂರ, ಕೆನ್ನೆಯ ಕಡೆಗೆ ಚೂರು ಸರ್ಸಿ ಇಡಿ. ಸ್ಪಾಂಜಿನ ಟೊಪ್ಪಿ ಕೊಟ್ಟಿದ್ರೆ ಬಿಸಾಡ್ಬೇಡಿ, ಹಾಕಿ. ದೂರ ಅರ್ಧ ಮಾಡಿದ್ರೆ ನಿಮ್ಮ ಸ್ವರ ಮೈಕಿಗೆ 6 ಡೆಸಿಬೆಲ್ ಹೆಚ್ಚು ಸಿಗ್ತದೆ, ಫ್ಯಾನಿನ ಶಬ್ದ ಇದ್ದಷ್ಟೇ ಇರ್ತದೆ. ಹಾಗಾಗಿ ಶಬ್ದ ಇರುವ ಕೋಣೆಯಲ್ಲಿ ಲೆವೆಲ್ ಏರಿಸುದಲ್ಲ ಮಾಡ್ಬೇಕಾದ್ದು, ಮೈಕ್ ಹತ್ರ ತಂದು ಲೆವೆಲ್ ಇಳಿಸುದು. ನಮ್ಮ ಕಡೆ ಏಪ್ರಿಲ್ ಮೇ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಕೂರ್ಲಿಕ್ಕೆ ಆಗುದಿಲ್ಲ, ಫ್ಯಾನಿನ ಗಾಳಿ ನೇರ ಮೈಕಿಗೆ ಬಡಿಯದ ಹಾಗೆ ಕೂತ್ರೆ ಸಾಕು. ಟಿವಿ ಸ್ಪೀಕರ್ ಇಟ್ಟುಕೊಂಡು ಕಂಟ್ರೋಲರ್ ಮೈಕಲ್ಲಿ ಮಾತಾಡುದು ಮಾತ್ರ ಬೇಡ, ಆಚೆಯವರಿಗೆ ಅವರ ಮಾತೇ ಹಿಂದೆ ಕೇಳ್ತದೆ. ಮತ್ತೆ ವಾಲ್ಯೂಮ್: ಮಕ್ಕಳಿಗೆ ವಾರಕ್ಕೆ 40 ಗಂಟೆಯ ಲೆಕ್ಕದಲ್ಲಿ 75 ಡೆಸಿಬೆಲ್, ದೊಡ್ಡವರಿಗೆ 80, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಅದು. ಹೆಡ್‌ಸೆಟ್ ಹಾಕಿದ ಹುಡುಗನಿಗೆ ಒಂದು ಕೈ ದೂರದಿಂದ ಸಾದಾ ಸ್ವರದಲ್ಲಿ ಕರೆದದ್ದು ಕೇಳದಿದ್ರೆ ಶಬ್ದ ಜಾಸ್ತಿ ಆಯ್ತು ಅಂತ ನಾನು ಅಂದಾಜು ಮಾಡುದು, ಶಬ್ದದ ಕೆಲಸದಲ್ಲಿ ಇರುವವನಾಗಿ ಇದನ್ನು ಹೇಳದೆ ಬಿಡ್ಲಿಕ್ಕೆ ನನಗೆ ಮನಸ್ಸಿಲ್ಲ.

ಪಟ್ಟಿ ಕುಣೀತದೆ, ಮ್ಯೂಟ್ ಇಲ್ಲ, ಆದ್ರೂ ಗೆಳೆಯನಿಗೆ ಕೇಳುದಿಲ್ಲ ಅಂದ್ರೆ ಈಗ ಪಾರ್ಟಿ ನೋಡ್ಬೇಕು. ಒಬ್ಬ ಪಾರ್ಟಿ ಚಾಟಲ್ಲಿ ಇದ್ದು ಇನ್ನೊಬ್ಬ ಆಟದ ಒಳಗಿನ ಚಾಟಲ್ಲಿ ಇದ್ರೆ ಇಬ್ಬರೂ ಎಷ್ಟು ಮಾತಾಡಿದ್ರೂ ಕೇಳುದಿಲ್ಲ. ಇಬ್ರೂ ಒಂದೇ ಕಡೆ ಬನ್ನಿ. ಪಾರ್ಟಿ ಚಾಟಿಗೆ ತಿಂಗಳ ದುಡ್ಡು ಕಟ್ಲಿಕ್ಕೆ ಇಲ್ಲ, ಪಿಎಸ್ ಪ್ಲಸ್ ಇಲ್ಲದೆಯೂ ಮಾತಾಡ್ಬಹುದು, ಎಕ್ಸ್‌ಬಾಕ್ಸಲ್ಲಿಯೂ 2021ರಿಂದ ಪಾರ್ಟಿ ಚಾಟ್ ಫ್ರೀ. ಇನ್ನೊಂದು ದೊಡ್ಡ ಕಾರಣ ಮಕ್ಕಳ ಅಕೌಂಟ್. ಹುಟ್ಟಿದ ತಾರೀಕು ಸರಿಯಾಗಿ ಹಾಕಿ ಮಾಡಿದ ಮಕ್ಕಳ ಅಕೌಂಟಲ್ಲಿ ಬೇರೆಯವರೊಟ್ಟಿಗೆ ಮಾತಾಡುದಕ್ಕೆ ತಡೆ ಇರ್ಬಹುದು, ಅದನ್ನು ದೊಡ್ಡವರ ಅಕೌಂಟಿಂದಲೇ ಬಿಡಿಸ್ಬೇಕು. ಪಿಎಸ್5ರಲ್ಲಿ ಫ್ಯಾಮಿಲಿ ಮ್ಯಾನೇಜ್‌ಮೆಂಟ್ ಒಳಗೆ ಆ ಮಗುವಿನ ಪೇರೆಂಟಲ್ ಕಂಟ್ರೋಲ್ಸಲ್ಲಿ ಕಮ್ಯುನಿಕೇಶನ್ ಅಂತ ಇರುದು ಅದೇ, ಎಕ್ಸ್‌ಬಾಕ್ಸಲ್ಲಿ ಅಕೌಂಟಿನ ಪ್ರೈವೆಸಿ ಅಂಡ್ ಆನ್‌ಲೈನ್ ಸೇಫ್ಟಿ. ಕುಂಬಳೆಯಲ್ಲಿ ಒಂದು ಮನೆಯಲ್ಲಿ ಎರಡು ಹೆಡ್‌ಸೆಟ್ ಬದಲಿಸಿದ್ರು, ಕಾರಣ ಇದಾಗಿತ್ತು, ಅಪ್ಪ ಗಲ್ಫಲ್ಲಿ ಕೂತು ಫೋನಲ್ಲಿ ಒಂದು ಬಟನ್ ಒತ್ತಿದ ಮೇಲೆ ಸಮ ಆಯ್ತು. ಆ ತಡೆಯನ್ನು ಪೂರಾ ತೆಗೀಬೇಡಿ, ಗುರ್ತದ ಗೆಳೆಯರಿಗೆ ಮಾತ್ರ ಬಿಡುವ ಹಾಗೆ ಇದ್ರೆ ಅದನ್ನು ಇಡಿ.

ಇಂಟರ್ನೆಟ್ಟಿನ ತೊಂದರೆ ಆದ್ರೆ ಲಕ್ಷಣ ಬೇರೆ ಇರ್ತದೆ, ಒಬ್ಬನ ಸ್ವರ ಕೇಳ್ತದೆ ಇನ್ನೊಬ್ಬಂದು ಕೇಳುದಿಲ್ಲ, ಮೂರನೆಯವ ಇಬ್ಬರದ್ದೂ ಕೇಳ್ತಾನೆ. ಹೀಗಾದ್ರೆ ಕನ್ಸೋಲಿನ ಸೆಟ್ಟಿಂಗಲ್ಲಿ ನೆಟ್‌ವರ್ಕ್ ಟೆಸ್ಟ್ ಮಾಡಿ ನ್ಯಾಟ್ ಟೈಪ್ ನೋಡಿ, ಹೊರಗಿನವರ ಸಂಪರ್ಕವನ್ನು ರೂಟರ್ ಎಷ್ಟು ಬಿಡ್ತದೆ ಅಂತ ಹೇಳುವ ಗುರ್ತು ಅದು. ಪಿಎಸ್‌ನಲ್ಲಿ 3 ಅಂತ, ಎಕ್ಸ್‌ಬಾಕ್ಸಲ್ಲಿ ಸ್ಟ್ರಿಕ್ಟ್ ಅಂತ ಬಂದ್ರೆ ರೂಟರಲ್ಲಿ ಯುಪಿಎನ್‌ಪಿ (ಕನ್ಸೋಲಿಗೆ ಬೇಕಾದ ದಾರಿಯನ್ನು ರೂಟರ್ ತಾನೇ ತೆರೆಯುವ ಸೆಟ್ಟಿಂಗ್) ಆನ್ ಮಾಡಿ ರೂಟರ್ ಒಮ್ಮೆ ಬಂದ್ ಮಾಡಿ ಹಾಕಿ. ಅದರಲ್ಲಿಯೂ ಆಗದಿದ್ರೆ ಕೇಬಲ್ ನೆಟ್ ಕೊಡುವವರು ಒಂದೇ ಪಬ್ಲಿಕ್ ಐಪಿಯನ್ನು (ಇಂಟರ್ನೆಟ್ಟಿನ ವಿಳಾಸವನ್ನು) ಸುಮಾರು ಮನೆಗೆ ಹಂಚಿರ್ತಾರೆ, ಅವರಿಗೆ ಫೋನ್ ಮಾಡಿ ಕೇಳ್ಬೇಕು.

ಮಳೆಗಾಲದಲ್ಲಿ ಪಿನ್ನಿಗೆ ಹಸಿರು ಕಿಲುಬು ಹಿಡೀತದೆ, ಕರಕರ ಶಬ್ದ ಬರ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಪಿನ್ ಒರ್ಸಿ, ಒಣಗಿದ ಮೇಲೆ ತೂತಿಗೆ ಹತ್ತು ಸಲ ಹಾಕಿ ತೆಗೀರಿ, ಹೆಚ್ಚಿನದ್ದು ಅದರಲ್ಲೇ ಹೋಗ್ತದೆ. ತೂತಿನ ಒಳಗೆ ಸೂಜಿ ಹಾಕ್ಬೇಡಿ. ಗುಡುಗು ಸುರು ಆದ್ರೆ ಕನ್ಸೋಲಿನ ಪ್ಲಗ್ಗೂ, ರೂಟರಿಂದ ಬರುವ ನೆಟ್ ವಯರೂ ಎರಡೂ ತೆಗೀಬೇಕು, ಒಂದೇ ತೆಗ್ದು ಪ್ರಯೋಜನ ಇಲ್ಲ.

ಅಳಿಯನದ್ದು ಎಲ್ಲ ಸಮ ಆದ ದಿನ ರಾತ್ರಿ ಗುಡುಗು ಇರ್ಲಿಲ್ಲ, ಬರೇ ಮಳೆ, ಚಾವಡಿಯ ಮುಂದಿನ ಶೀಟಿನ ಮೇಲೆ ಧೋ ಅಂತ ಸುರೀತಾ ಇತ್ತು. ಹುಡುಗ ಮಾತಾಡ್ತಾ ಇದ್ದ, ನಾನು ಪಕ್ಕದಲ್ಲಿ ಕೂತು ಲೆವೆಲಿನ ಪಟ್ಟಿ ನೋಡ್ತಾ ಇದ್ದೆ, ಮಳೆ ಶಬ್ದಕ್ಕೇ ಅದು ಅರ್ಧ ಏರ್ತಾ ಇತ್ತು, ಸರಿ ಇಳಿಸುವ ಅಂತ ಕೈ ಹಾಕಿದೆ. ಆಚೆಯಿಂದ ಭಾವ ಕೇಳಿದ್ರು, "ಅದು ಮಳೆಯಾ?" ಹೌದು ಅಂದೆ, ಈಗ ಕಡಿಮೆ ಮಾಡ್ತೇನೆ ಅಂದೆ. "ಬೇಡ, ಸ್ವಲ್ಪ ಹೊತ್ತು ಹಾಗೇ ಇರ್ಲಿ" ಅಂದ್ರು. ಆಟ ನಿಲ್ಸಿ ಮೂರು ಜನವೂ ಸುಮ್ಮನೆ ಕೂತೆವು.